ಮಾದರಿ ವಿಮಾನದ ರೆಕ್ಕೆಯೂ ಆಧಾರದ ಪ್ರಶ್ನೆಯೂ

೧

ಗಣಕಯಂತ್ರದ ನೆರವಿನಿಂದ ಮಾದರಿ ವಿಮಾನಗಳ ರೆಕ್ಕೆಯನ್ನು ರೂಪಿಸುವ ವಿಷಯಕ್ಕೂ ಇತಿಹಾಸ ವಿಭಾಗದ ಸಂಶೋಧನ ವಾರ್ಷಿಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂಬುದೇ ಪ್ರಕೃತ ಲೇಖನದ ವಾದ. ರೆಕ್ಕೆಯನ್ನು ರೂಪಿಸುವವನು ಹಲವು ಅಳತೆಗಳನ್ನು ಗೊತ್ತುಮಾಡಬೇಕಾಗುತ್ತದೆ. ಆ ಅಳತೆಗಳು ಎಲ್ಲಿಂದ ಬಂದುವೆಂಬ ಪ್ರಶ್ನೆ ಎದ್ದೊಡನೆ ಅವನು ಇತಿಹಾಸಕಾರನ ಕ್ಷೇತ್ರದಲ್ಲಿ ಕಾಲಿಟ್ಟಂತಾಗುತ್ತದೆ. ಹಳೆಯ ವಿಮಾನವೊಂದರ ಮಾದರಿಯನ್ನು, ಅಥವಾ ಹಳೆಯದೆಂದು ಹೇಳಲಾದ ವಿಮಾನವೊಂದರ ಮಾದರಿಯನ್ನು ಮಾಡಹೊರಟಾಗಲಂತೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

ವಿಚಾರವು ಕೇವಲ ತಾತ್ತ್ವಿಕವಾದುದಲ್ಲ. ಇಂದಿನ ವಿದ್ಯಾರ್ಥಿಯು ೧೯೫೧ರಲ್ಲಿ ಬೆಂಗಳೂರಿನಲ್ಲಿ ಹಾರಿದ ಎಚ್.ಟಿ.-೨ ವಿಮಾನದ ಮೂರು ಆಯಾಮಗಳ ರೂಪವನ್ನೂ ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥದ ಶಕುನ ವಿಮಾನದ ರೂಪವನ್ನೂ ಒಂದೇ ಪರದೆಯ ಮೇಲೆ, ಒಂದೇ ಹೊಳಪಿನಲ್ಲಿ ಕಾಣಬಲ್ಲನು. ಎರಡಕ್ಕೂ ರೆಕ್ಕೆಯಿದೆ, ಬಾಲವಿದೆ, ನೆಲದ ಮೇಲೆ ಬಿದ್ದ ನೆರಳೂ ಇದೆ. ಒಂದಕ್ಕೆ ಆಧಾರವುಂಟು, ಇನ್ನೊಂದಕ್ಕೆ ಇಲ್ಲವೆಂಬುದು ಚಿತ್ರದಿಂದ ತಿಳಿಯದು. ಚಿತ್ರದ ಹಿಂದಿರುವ ಅಂಕಿಗಳ ಪಟ್ಟಿಯನ್ನು ಓದಬಲ್ಲವನಿಗೆ ಮಾತ್ರ ತಿಳಿದೀತು. ಆ ಓದಿನ ಕ್ರಮ ಯಾವುದೆಂಬುದನ್ನು ಇಲ್ಲಿ ಪರಿಶೀಲಿಸಲಾಗುವುದು.

೨

ಕಾಗದದ ಮೇಲೆ ನಕ್ಷೆ ಬರೆಯುವವನು ಗೆರೆಗಳನ್ನು ಎಳೆಯುತ್ತಾನೆ. ಒಂದು ಗೆರೆಗೂ ಅದರ ಪಕ್ಕದ ಗೆರೆಗೂ ಇರುವ ಸಂಬಂಧವು ನಕ್ಷೆಗಾರನ ಮನಸ್ಸಿನಲ್ಲಿರುತ್ತದೆಯೇ ಹೊರತು ಕಾಗದದಲ್ಲಿರುವುದಿಲ್ಲ. ಆದುದರಿಂದ ಒಂದು ಅಳತೆಯನ್ನು ಬದಲಿಸಿದರೆ ಉಳಿದವನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ‘ಪ್ಯಾರಾಮೆಟ್ರಿಕ್’ ಎಂದು ಕರೆಯಲ್ಪಡುವ ಗಣಕ ವಿನ್ಯಾಸದ ಕ್ರಮವು ಬೇರೆ. ಅಲ್ಲಿ ಮೊದಲು ಕೆಲವು ಮೂಲ ಅಳತೆಗಳಿಗೆ ಹೆಸರಿಟ್ಟು ಪಟ್ಟಿಮಾಡುತ್ತಾರೆ. ಇವನ್ನು ನಾವು ನಿಯತಾಂಕಗಳೆನ್ನೋಣ. ಉಳಿದ ಅಳತೆಗಳೆಲ್ಲವೂ ಇವುಗಳಿಂದ ಸೂತ್ರಗಳ ಮೂಲಕ ಹುಟ್ಟುತ್ತವೆ. ನಿಯತಾಂಕವೊಂದನ್ನು ಬದಲಿಸಿದೊಡನೆ ಅದನ್ನು ಅವಲಂಬಿಸಿದ ಸಮಸ್ತವೂ ತಾನಾಗಿ ಬದಲಾಗುತ್ತದೆ.

ಉದಾಹರಣೆಗೆ, ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಯ ವರೆಗಿನ ಹರವು ೧೨೦ ಸೆಂಟಿಮೀಟರ್, ಬುಡದ ಅಗಲ ೨೦, ತುದಿಯ ಅಗಲ ೧೫ ಎಂದಿಟ್ಟುಕೊಳ್ಳೋಣ. ಸರಾಸರಿ ಅಗಲ ೧೭.೫ ಆಗುತ್ತದೆ. ವಿಸ್ತೀರ್ಣ ೨,೧೦೦ ಚದರ ಸೆಂಟಿಮೀಟರ್, ಅಂದರೆ ೨೧ ಚದರ ಡೆಸಿಮೀಟರ್. ಹರವಿನ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ನಿಷ್ಪತ್ತಿ ಸುಮಾರು ೬.೯. ವಿಮಾನದ ತೂಕ ೬೩೦ ಗ್ರಾಂ ಆದಲ್ಲಿ ರೆಕ್ಕೆಯ ಪ್ರತಿಯೊಂದು ಚದರ ಡೆಸಿಮೀಟರಿನ ಮೇಲೆ ೩೦ ಗ್ರಾಂ ಹೊರೆ ಬೀಳುತ್ತದೆ. ತೂಕವನ್ನು ಹಾಗೆಯೇ ಇಟ್ಟು ಹರವನ್ನು ಮಾತ್ರ ೧೫೦ಕ್ಕೆ ಏರಿಸಿದರೆ ವಿಸ್ತೀರ್ಣ ೨೬.೨೫ಕ್ಕೂ ನಿಷ್ಪತ್ತಿ ೮.೬ಕ್ಕೂ ಏರುತ್ತವೆ, ಹೊರೆ ೨೪ ಗ್ರಾಮಿಗೆ ಇಳಿಯುತ್ತದೆ. ರೆಕ್ಕೆಯೊಳಗಿನ ಪಕ್ಕೆಲುಬುಗಳ ಆಕಾರ, ಅವನ್ನು ಹೊರುವ ತೊಲೆಯ ಉದ್ದ, ಬಾಲ್ಸಾ ಹಲಗೆಯನ್ನೋ ಥರ್ಮೋಕೋಲನ್ನೋ ಕತ್ತರಿಸುವ ಅಚ್ಚುಗಳು, ಇವೆಲ್ಲವೂ ಅದರೊಡನೆಯೇ ತಿದ್ದಿಕೊಳ್ಳುತ್ತವೆ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಇಂದು ಒಂದು ಅಂಕಿಯನ್ನು ತಿದ್ದುವುದರಲ್ಲಿ ಮುಗಿಯುತ್ತದೆ.

ಈ ಕ್ರಮವು ಗಣಕಯಂತ್ರದೊಡನೆ ಹುಟ್ಟಿದುದೆಂದು ಭಾವಿಸುವುದು ಸರಿಯಲ್ಲ. ರೆಕ್ಕೆಯನ್ನು ಅಡ್ಡಲಾಗಿ ಕತ್ತರಿಸಿದಾಗ ಕಾಣುವ ಆಕಾರವನ್ನು ಛೇದಾಕೃತಿಯೆನ್ನೋಣ. ಅಮೆರಿಕೆಯ ನಾಕಾ ಸಂಸ್ಥೆಯು ೧೯೩೩ರಲ್ಲಿ ಪರಸ್ಪರ ಸಂಬಂಧವುಳ್ಳ ೭೮ ಛೇದಾಕೃತಿಗಳ ಪರೀಕ್ಷಾಫಲಗಳನ್ನು ಪ್ರಕಟಿಸಿತು. ಅವುಗಳ ಹೆಸರೇ ಅವುಗಳ ಸೂತ್ರ. ‘೨೪೧೨’ ಎಂದರೆ ಬೆನ್ನಿನ ಬಾಗು ಅಗಲದ ನೂರರಲ್ಲಿ ೨ ಪಾಲು, ಆ ಬಾಗು ಗರಿಷ್ಠವಾಗುವ ಸ್ಥಳ ಮುಂದಂಚಿನಿಂದ ಹತ್ತರಲ್ಲಿ ೪ ಪಾಲು, ದಪ್ಪ ನೂರರಲ್ಲಿ ೧೨ ಪಾಲು ಎಂದರ್ಥ. ನಾಲ್ಕು ಅಂಕಿಗಳಲ್ಲಿ ಇಡೀ ವಕ್ರರೇಖೆಯು ಅಡಗಿದೆ. ಮುಂದೆ ಮಸ್ಟಾಂಗ್ ವಿಮಾನದ ಮೈಯನ್ನು ಗಣಿತಸೂತ್ರಗಳಿಂದ ನಿರ್ಣಯಿಸಿದ ರಾಯ್ ಲೈಮಿಂಗ್ ಅವರು ಆ ಪದ್ಧತಿಯನ್ನು ೧೯೪೪ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ೧೯೬೩ರಲ್ಲಿ ಐವಾನ್ ಸದರ್ಲ್ಯಾಂಡ್ ಅವರ ‘ಸ್ಕೆಚ್‌ಪ್ಯಾಡ್’ ಪ್ರಬಂಧವು ಗೆರೆಗಳ ನಡುವಣ ಸಂಬಂಧಗಳನ್ನು ಯಂತ್ರವೇ ನೆನಪಿಟ್ಟುಕೊಳ್ಳುವಂತೆ ಮಾಡಿತು. ೧೯೮೮ರ ‘ಪ್ರೊ-ಎಂಜಿನಿಯರ್’ ತಂತ್ರಾಂಶದಿಂದ ಈ ಕ್ರಮವು ಕಾರ್ಖಾನೆಗಳ ದಿನಬಳಕೆಗೆ ಬಂದಿತು. ನಾಸಾ ಸಂಸ್ಥೆಯು ವಿಮಾನಗಳ ರೂಪವಿನ್ಯಾಸಕ್ಕೆಂದು ಸಿದ್ಧಪಡಿಸಿದ ತಂತ್ರಾಂಶವು ೨೦೧೨ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಆ ಬಳಿಕ ಮಾದರಿ ವಿಮಾನ ಮಾಡುವ ಹಳ್ಳಿಯ ಹುಡುಗನಿಗೂ ದೊಡ್ಡ ಕಾರ್ಖಾನೆಗೂ ಈ ವಿಷಯದಲ್ಲಿ ಇದ್ದ ಅಂತರವು ಬಹುಮಟ್ಟಿಗೆ ಕುಗ್ಗಿದೆ.

ನಮ್ಮ ದೇಶದಲ್ಲಿಯೂ ಅಳತೆಯಿಂದ ಅಳತೆಯನ್ನು ಹುಟ್ಟಿಸುವ ಪದ್ಧತಿಯು ಪ್ರಾಚೀನವಾದುದು. ಬೌಧಾಯನ ಶುಲ್ಬಸೂತ್ರದಲ್ಲಿ ಪಕ್ಷಿಯಾಕಾರದ ಅಗ್ನಿಚಿತಿಯ ವಿಧಾನವಿದೆ. ಅದರ ಮೊದಲ ಪ್ರಮಾಣ ೭½ ಚದರ ಪುರುಷ: ಒಡಲು ೪, ರೆಕ್ಕೆಗಳು ತಲಾ ೧ ಮತ್ತು ಐದನೆಯ ಒಂದು, ಬಾಲ ೧ ಮತ್ತು ಹತ್ತನೆಯ ಒಂದು. ಚಿತಿಯನ್ನು ಮತ್ತೊಮ್ಮೆ ಕಟ್ಟುವಾಗ ವಿಸ್ತೀರ್ಣವನ್ನು ಒಂದು ಚದರ ಪುರುಷದಷ್ಟು ಹೆಚ್ಚಿಸಬೇಕು. ಆಕಾರ ಮಾತ್ರ ಬದಲಾಗಕೂಡದು. ಇದಕ್ಕೆ ಸೂತ್ರಕಾರನು ಹೇಳುವ ಉಪಾಯವೇನೆಂದರೆ, ಹೆಚ್ಚಿನ ಚದರವನ್ನು ೧೫ ಭಾಗ ಮಾಡಿ ಪ್ರತಿಯೊಂದು ಮೂಲ ಚದರಕ್ಕೆ ಎರಡೆರಡು ಭಾಗ ಕೂಡಿಸುವುದು. ೭½ನ್ನು ಹದಿನೈದರಲ್ಲಿ ಹದಿನೇಳರಷ್ಟು ಹಿಗ್ಗಿಸಿದರೆ ೮½ ಬರುತ್ತದೆ, ಲೆಕ್ಕವು ಸರಿಯಾಗಿದೆ. ಈ ರೆಕ್ಕೆಯು ಹಾರುವುದಕ್ಕಾಗಿ ಮಾಡಿದುದಲ್ಲ, ಹಾರುತ್ತದೆಂದು ಸೂತ್ರಕಾರನು ಹೇಳಿಯೂ ಇಲ್ಲ. ಆದರೆ ಮೂಲಮಾನವೊಂದನ್ನು ಬದಲಿಸಿ ಇಡೀ ಆಕೃತಿಯನ್ನು ಪುನಃ ಪಡೆಯುವ ಕ್ರಮವು ಇಲ್ಲಿ ನಿಸ್ಸಂದೇಹವಾಗಿ ಇದೆ. ಕರಾವಳಿಯ ಮತ್ತು ಕೇರಳದ ವಾಸ್ತುಪದ್ಧತಿಯಲ್ಲಿ ಮನೆಯ ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿ ಉಳಿಯುವ ಶೇಷವನ್ನು ನೋಡುವ ಪರಿಪಾಠವೂ ಇದೇ ಜಾತಿಯದು. ಶೇಷವು ಬೆಸಸಂಖ್ಯೆಯಾಗಬೇಕೆಂಬ ಕಟ್ಟಳೆಯು ಉಳಿದ ಅಳತೆಗಳನ್ನೆಲ್ಲ ಹಿಡಿದಿಡುತ್ತದೆ. ಇವನ್ನು ಇಲ್ಲಿ ಹೇಳಿದ ಉದ್ದೇಶ ಮುಂದೆ ಸ್ಪಷ್ಟವಾದೀತು.

೩

ಇತಿಹಾಸದ ದೃಷ್ಟಿಯಿಂದ ನೋಡಿದರೆ ನಿಯತಾಂಕಗಳಿಂದ ಕಟ್ಟಿದ ರೆಕ್ಕೆಯು ಕಾಗದದ ನಕ್ಷೆಗಿಂತ ಶ್ರೇಷ್ಠವಾದ ದಾಖಲೆಯೆನ್ನಬೇಕು. ವಿನ್ಯಾಸಕಾರನು ಯಾವುದನ್ನು ಮೊದಲು ನಿರ್ಣಯಿಸಿದನು, ಯಾವುದು ಯಾವುದನ್ನು ಅವಲಂಬಿಸಿದೆ, ಯಾವುದನ್ನು ಸ್ವತಂತ್ರವಾಗಿ ಬಿಟ್ಟನು ಎಂಬುದೆಲ್ಲವೂ ಅದರಲ್ಲಿ ಕ್ರಮವಾಗಿ ಉಳಿದಿರುತ್ತದೆ. ನಕ್ಷೆಯು ನಿರ್ಣಯದ ಫಲವನ್ನು ಮಾತ್ರ ತಿಳಿಸುವುದು. ನಿಯತಾಂಕಗಳ ಪಟ್ಟಿಯು ನಿರ್ಣಯದ ಸರಣಿಯನ್ನೇ ತಿಳಿಸುವುದು.

ಆದರೆ ಈ ದಾಖಲೆಯಲ್ಲಿ ಒಂದು ದೊಡ್ಡ ಕೊರತೆಯುಂಟು. ಅಂಕಿಯ ಬೆಲೆಯನ್ನು ಅದು ಹೇಳುತ್ತದೆ. ಅಂಕಿಯ ಮೂಲವನ್ನು ಹೇಳುವುದಿಲ್ಲ. ಹರವು ೧೨೦ ಎಂಬುದು ಹಳೆಯ ದಾಖಲೆಯಿಂದ ಬಂದುದೋ, ವಸ್ತುವನ್ನೇ ಅಳೆದು ಪಡೆದುದೋ, ಊಹಿಸಿದುದೋ, ಮನೆಯಲ್ಲಿದ್ದ ಹಲಗೆಯ ಉದ್ದಕ್ಕೆ ಹೊಂದಿಸಿದುದೋ ಎಂಬ ಭೇದವು ಯಂತ್ರಕ್ಕಿಲ್ಲ. ಯಂತ್ರದ ದೃಷ್ಟಿಯಲ್ಲಿ ನಾಲ್ಕೂ ಸಮಾನ. ಇದಕ್ಕಿಂತಲೂ ಎಚ್ಚರಿಕೆಗೆ ಅರ್ಹವಾದ ಸಂಗತಿ ಇನ್ನೊಂದಿದೆ. ಇಂಥ ತಂತ್ರಾಂಶವು ಖಾಲಿ ಸ್ಥಳವನ್ನು ಸಹಿಸುವುದಿಲ್ಲ. ರೆಕ್ಕೆಯೊಂದನ್ನು ಸೇರಿಸೆಂದೊಡನೆ ಹರವು, ಅಗಲ, ಛೇದಾಕೃತಿ ಎಲ್ಲವೂ ತುಂಬಿದ ಸಿದ್ಧ ರೆಕ್ಕೆಯೊಂದು ಪರದೆಗೆ ಬಂದು ನಿಲ್ಲುತ್ತದೆ. ನಮಗೆ ತಿಳಿದಿರುವ ಅಂಕಿಗಳನ್ನು ನಾವು ತಿದ್ದುತ್ತೇವೆ. ತಿಳಿಯದವನ್ನು ಯಂತ್ರವು ಕೊಟ್ಟಂತೆಯೇ ಉಳಿಸುತ್ತೇವೆ. ಕೊನೆಗೆ ಕಾಣುವ ರೂಪದಲ್ಲಿ ಯಾವುದು ಮೂಲದ್ದು, ಯಾವುದು ಯಂತ್ರದ್ದು ಎಂದು ಹೇಳಲು ಬಾರದು.

ಶಾಸನಶಾಸ್ತ್ರದ ಅಭ್ಯಾಸವುಳ್ಳವರಿಗೆ ಈ ತೊಡಕು ಹೊಸದಲ್ಲ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವು ೧೮೮೬ರಲ್ಲಿ ನಮ್ಮ ನೆರೆಯ ಕೊಡಗಿನ ಶಾಸನಗಳಿಂದಲೇ ಆರಂಭವಾಯಿತು. ಅಂದಿನಿಂದ ಇಂದಿನ ವರೆಗೆ ಶಾಸನ ಸಂಪಾದಕರು ಬೆಳೆಸಿಕೊಂಡು ಬಂದ ಶಿಸ್ತೊಂದುಂಟು. ಕಲ್ಲಿನಲ್ಲಿ ಸವೆದುಹೋದ ಅಕ್ಷರವನ್ನು ಊಹಿಸಿ ಓದಿದರೆ ಅದನ್ನು ಆವರಣದಲ್ಲಿಡಬೇಕು. ಪೂರ್ತಿ ಹೋಗಿರುವಲ್ಲಿ ಚುಕ್ಕೆಗಳನ್ನಿಡಬೇಕು. ಊಹಿಸುವುದು ಅಪರಾಧವಲ್ಲ, ಊಹೆಯಿಲ್ಲದೆ ಯಾವ ಹಳೆಯ ಶಾಸನವೂ ಪೂರ್ಣವಾಗದು. ಊಹೆಯನ್ನು ಕಲ್ಲಿನ ಅಕ್ಷರದಂತೆಯೇ ಅಚ್ಚುಮಾಡುವುದು ಅಪರಾಧ. ಗಣಕ ವಿನ್ಯಾಸದಲ್ಲಿ ಈ ಆವರಣಗಳಿಗೆ ಸ್ಥಳವಿಲ್ಲ. ಆ ಸ್ಥಳವನ್ನು ನಾವೇ ಕಲ್ಪಿಸಿಕೊಳ್ಳಬೇಕೆಂಬುದು ಈ ಲೇಖನದ ಮುಖ್ಯ ಸೂಚನೆ.

೪

ಈ ಸೂಚನೆಯನ್ನು ಮೊದಲು ಆಧಾರವುಳ್ಳ ವಿಮಾನವೊಂದಕ್ಕೆ ಅನ್ವಯಿಸಿ ನೋಡೋಣ. ಎಚ್.ಟಿ.-೨ ಭಾರತದಲ್ಲಿ ರೂಪಿಸಿ ಕಟ್ಟಿದ, ಇಬ್ಬರು ಕೂರುವ ತರಬೇತಿ ವಿಮಾನ. ಗಟ್ಟಿಂಗೆನ್ನಿನಲ್ಲಿ ಪ್ರಾಂಟ್ಲ್ ಅವರ ಬಳಿ ವ್ಯಾಸಂಗ ಮಾಡಿ ಬಂದ ಡಾ. ವಿ. ಎಂ. ಘಾಟ್ಗೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೪೨ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗಕ್ಕೆ ನಾಯಕತ್ವ ನೀಡಿದವರು. ಮುಂದೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಈ ವಿಮಾನದ ವಿನ್ಯಾಸವನ್ನು ನಡೆಸಿದರು. ೧೯೫೧ರ ಆಗಸ್ಟ್ ೫ರಂದು ಅದು ಮೊದಲ ಬಾರಿ ಹಾರಿತು. ಅದರ ಹರವು ಸುಮಾರು ೧೦.೭ ಮೀಟರ್, ರೆಕ್ಕೆಯ ವಿಸ್ತೀರ್ಣ ಸುಮಾರು ೧೬ ಚದರ ಮೀಟರ್, ತುಂಬಿದ ತೂಕ ಸುಮಾರು ೧,೦೧೬ ಕಿಲೋಗ್ರಾಂ.

ಎಂಟರಲ್ಲಿ ಒಂದು ಪಾಲಿನ ಮಾದರಿಯನ್ನು ಮಾಡಹೊರಟರೆ ಹರವು ೧೩೪ ಸೆಂಟಿಮೀಟರ್ ಆಗುತ್ತದೆ. ವಿಸ್ತೀರ್ಣವು ಅರುವತ್ತನಾಲ್ಕರಲ್ಲಿ ಒಂದು ಪಾಲು, ಅಂದರೆ ೨೫ ಚದರ ಡೆಸಿಮೀಟರ್. ತೂಕವು ಘನಮಾನವನ್ನು ಅನುಸರಿಸಿದರೆ ಐನೂರಹನ್ನೆರಡರಲ್ಲಿ ಒಂದು ಪಾಲು, ಅಂದರೆ ಸುಮಾರು ೧.೯೮ ಕಿಲೋಗ್ರಾಂ. ಇವು ಮೂರೂ ಮೂಲದಿಂದ ನೇರವಾಗಿ ಹುಟ್ಟಿದ ಅಂಕಿಗಳು. ಇವಕ್ಕೆ ಆವರಣ ಬೇಡ.

ಮುಂದಿನ ಹೆಜ್ಜೆಯಲ್ಲಿ ತೊಡಕು ತೋರುತ್ತದೆ. ರೆಕ್ಕೆಯ ಸುತ್ತ ಗಾಳಿಯು ಹೇಗೆ ಹರಿಯುತ್ತದೆಂಬುದನ್ನು ರೇನಾಲ್ಡ್ಸ್ ಸಂಖ್ಯೆಯು ಸೂಚಿಸುತ್ತದೆ. ವೇಗವನ್ನು ರೆಕ್ಕೆಯ ಅಗಲದಿಂದ ಗುಣಿಸಿ ಗಾಳಿಯ ಸ್ನಿಗ್ಧತೆಯ ಮಾನದಿಂದ ಭಾಗಿಸಿದರೆ ಅದು ಬರುತ್ತದೆ. ಸೆಕೆಂಡಿಗೆ ೫೦ ಮೀಟರ್ ವೇಗದಲ್ಲಿ ನಿಜವಾದ ವಿಮಾನದ ರೆಕ್ಕೆಗೆ ಈ ಸಂಖ್ಯೆ ಸುಮಾರು ೫೦ ಲಕ್ಷ. ಮಾದರಿಯು ಅದಕ್ಕೆ ಅನುಗುಣವಾದ ೧೭.೭ ಮೀಟರ್ ವೇಗದಲ್ಲಿ ಹಾರಿದರೆ ಸುಮಾರು ೨.೨ ಲಕ್ಷ ಮಾತ್ರ. ಗಾಳಿಯನ್ನು ಯಾರೂ ಎಂಟರಲ್ಲಿ ಒಂದು ಪಾಲಿಗೆ ಕುಗ್ಗಿಸಲಾರರು. ದೊಡ್ಡ ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುವ ಗಾಳಿಯು ಚಿಕ್ಕ ರೆಕ್ಕೆಯ ಬೆನ್ನಿನಿಂದ ಬೇಗನೆ ಕಿತ್ತುಬರಬಹುದು. ಆದುದರಿಂದಲೇ ಮಾದರಿ ಮಾಡುವವರು ಮೂಲದ ಛೇದಾಕೃತಿಯನ್ನು ಬಿಟ್ಟು ಕಡಮೆ ವೇಗಕ್ಕೆ ಒಪ್ಪುವ, ಹೆಚ್ಚು ತೆಳುವಾದ ಬೇರೊಂದನ್ನು ಆರಿಸಿಕೊಳ್ಳುವುದುಂಟು. ಇದಕ್ಕೆ ಬೇಕಾದ ಗಣನೆಯನ್ನು ೧೯೮೬ರಲ್ಲಿ ಮಾರ್ಕ್ ಡ್ರೆಲಾ ಅವರು ರಚಿಸಿದ ‘ಎಕ್ಸ್‌ಫಾಯಿಲ್’ ತಂತ್ರಾಂಶವು ಸುಲಭಗೊಳಿಸಿತು. ಹೀಗೆ ಆರಿಸಿದ ಛೇದಾಕೃತಿಯು ಎಚ್.ಟಿ.-೨ರದಲ್ಲ, ಮಾದರಿಕಾರನದು. ಪಟ್ಟಿಯಲ್ಲಿ ಇದಕ್ಕೆ ಗುರುತು ಬೇಕು.

ಮೂರನೆಯದಾಗಿ, ಹಾರಿಸುವ ಸ್ಥಳವೂ ನಿಯತಾಂಕವಾಗುತ್ತದೆ. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಅರಂತೋಡಿನಂಥ ಊರನ್ನು ತೆಗೆದುಕೊಳ್ಳಿರಿ. ಗುಡ್ಡಗಳ ನಡುವೆ ಅಡಕೆ ತೋಟಗಳು, ತೋಟಗಳ ಅಂಚಿನಲ್ಲಿ ಕಿರಿದಾದ ಗದ್ದೆ ಅಥವಾ ಶಾಲೆಯ ಆಟದ ಬಯಲು. ಅಂಥ ಕಡೆ ಮಾದರಿಯು ನಿಧಾನವಾಗಿ ಹಾರಬೇಕು, ಸಣ್ಣ ಸುತ್ತಿನಲ್ಲಿ ತಿರುಗಬೇಕು. ತಪ್ಪಿದರೆ ಅದು ಅಡಕೆಯ ಮರದ ತಲೆಯಲ್ಲಿ ಸಿಕ್ಕಿಬೀಳುವುದು ಖಂಡಿತ. ಗಾಳಿಯ ಸಾಂದ್ರತೆ ಘನ ಮೀಟರಿಗೆ ೧.೨ ಕಿಲೋಗ್ರಾಂ, ರೆಕ್ಕೆಯ ಗರಿಷ್ಠ ಎತ್ತುಬಲದ ಗುಣಾಂಕ ೧.೧ ಎಂದು ಹಿಡಿಯೋಣ. ೧.೯೮ ಕಿಲೋಗ್ರಾಂ ತೂಗುವ ಮೇಲಿನ ಮಾದರಿಗೆ ಚದರ ಡೆಸಿಮೀಟರಿಗೆ ೭೯ ಗ್ರಾಂ ಹೊರೆ. ಅದು ಸೆಕೆಂಡಿಗೆ ಸುಮಾರು ೧೦.೮ ಮೀಟರಿಗಿಂತ ನಿಧಾನವಾಗಿ ಹಾರಲಾರದು. ೪೫ ಅಂಶ ವಾಲಿ ತಿರುಗಿದಾಗ ಅದರ ಸುತ್ತಿನ ತ್ರಿಜ್ಯವು ೧೭ ಮೀಟರಿಗಿಂತ ಕಡಮೆಯಾಗದು. ತೂಕವನ್ನು ೯೦೦ ಗ್ರಾಮಿಗೆ ಇಳಿಸಿದರೆ ಹೊರೆ ೩೬ ಗ್ರಾಂ, ತ್ರಿಜ್ಯ ಸುಮಾರು ೭.೭ ಮೀಟರ್. ಅರಂತೋಡಿನ ಹುಡುಗನು ಎರಡನೆಯದನ್ನೇ ಆರಿಸುತ್ತಾನೆ, ಅದು ಸರಿಯೂ ಹೌದು. ಆದರೆ ಈ ೯೦೦ ಗ್ರಾಂ ಎಂಬ ಅಂಕಿಯು ೧೯೫೧ರ ಬೆಂಗಳೂರಿನಿಂದ ಬಂದುದಲ್ಲ, ಅಡಕೆ ತೋಟದ ಅಂಚಿನಿಂದ ಬಂದುದು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಪ್ರಾಮಾಣಿಕವಾದ ಮಾದರಿಯಲ್ಲಿಯೂ ಅಂಕಿಗಳು ಒಂದೇ ಜಾತಿಯವಲ್ಲ. ಮೂಲದಿಂದ ದೊರೆತವು ಕೆಲವು, ಗಣಿತದಿಂದ ಹುಟ್ಟಿದವು ಕೆಲವು, ಊಹೆಯವು ಕೆಲವು, ನಮ್ಮ ಅನುಕೂಲದವು ಕೆಲವು. ಎಚ್.ಟಿ.-೨ರ ವಿಷಯದಲ್ಲಿ ಈ ನಾಲ್ಕನ್ನೂ ವಿಂಗಡಿಸಬಹುದು. ವಿಂಗಡಿಸಲು ಸಾಧ್ಯವಾಗುವುದೇ ಆ ವಿಮಾನವು ನಿಜವಾಗಿ ಇದ್ದುದರ ಲಕ್ಷಣ.

೫

ಇನ್ನು ‘ವೈಮಾನಿಕ ಶಾಸ್ತ್ರ’ದ ವಿಚಾರ. ಭರದ್ವಾಜ ಮಹರ್ಷಿಗೆ ಆರೋಪಿತವಾಗಿರುವ ಈ ಸಂಸ್ಕೃತ ಗ್ರಂಥವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರ ವರೆಗೆ ಬಾಯಿಂದ ಹೇಳಿ ಬರೆಸಿದರು, ಬರೆದುಕೊಂಡವರು ಜಿ. ವೆಂಕಟಾಚಲ ಶರ್ಮರು. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ವಿಮಾನಗಳ ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರರಾದ ಎಲ್ಲಪ್ಪನವರು. ಹಿಂದೀ ಅನುವಾದವು ೧೯೫೯ರಲ್ಲಿಯೂ, ಮೈಸೂರಿನ ಜಿ. ಆರ್. ಜೋಸ್ಯರ್ ಅವರ ಇಂಗ್ಲಿಷ್ ಅನುವಾದವು ೧೯೭೩ರಲ್ಲಿಯೂ ಹೊರಬಂದುವು. ಮರುವರ್ಷವೇ, ೧೯೭೪ರಲ್ಲಿ, ಭಾರತೀಯ ವಿಜ್ಞಾನ ಮಂದಿರದ ಐವರು ವಿಜ್ಞಾನಿಗಳು ಎಚ್. ಎಸ್. ಮುಕುಂದ ಅವರೊಡಗೂಡಿ ಗ್ರಂಥದ ವಿಮರ್ಶೆಯನ್ನು ಪ್ರಕಟಿಸಿದರು. ಗ್ರಂಥದ ಭಾಷೆ ಆಧುನಿಕವಾದುದು, ಕಾಲವು ೧೯೦೪ಕ್ಕಿಂತ ಹಿಂದಿನದಾಗಿರಲಾರದು, ಪಠ್ಯಕ್ಕೂ ಚಿತ್ರಗಳಿಗೂ ಹೊಂದಿಕೆಯಿಲ್ಲ, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳಲ್ಲಿ ಒಂದೂ ಹಾರುವ ಗುಣವ ಪಡೆದಿಲ್ಲ ಎಂಬುದು ಅವರ ನಿರ್ಣಯ. ಇಷ್ಟಾದರೂ ೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನದಲ್ಲಿ ಪ್ರಾಚೀನ ಭಾರತದ ವಿಮಾನವಿದ್ಯೆಯ ಹೆಸರಿನಲ್ಲಿ ಈ ಗ್ರಂಥವು ಮತ್ತೆ ಕಾಣಿಸಿಕೊಂಡಿತು.

೧೯೭೪ರ ವಿಮರ್ಶಕರು ಕೇಳಿದ ಪ್ರಶ್ನೆ ‘ಇದು ಹಾರೀತೆ?’ ಎಂಬುದು. ಅವರ ಉತ್ತರಕ್ಕೆ ನಾವು ಸೇರಿಸಬೇಕಾದುದೇನೂ ಇಲ್ಲ. ಆದರೆ ನಿಯತಾಂಕಗಳ ದೃಷ್ಟಿಯು ಅದಕ್ಕಿಂತ ಮೊದಲಿನ ಪ್ರಶ್ನೆಯೊಂದನ್ನು ಕೇಳಲು ಅವಕಾಶ ಕೊಡುತ್ತದೆ: ‘ಇದು ವಿನ್ಯಾಸವೆ?’ ಚಿತ್ರಗಳಲ್ಲಿ ಭಾಗಗಳ ಹೆಸರುಗಳಿವೆ, ಕೆಲವು ಅಳತೆಗಳೂ ಇವೆ. ಇವನ್ನು ಪಟ್ಟಿಗೆ ಇಳಿಸಬಹುದು. ಅಲ್ಲಿಂದ ಮುಂದೆ ಒಂದು ಅಳತೆಯಿಂದ ಇನ್ನೊಂದನ್ನು ಹುಟ್ಟಿಸುವ ಸೂತ್ರವನ್ನು ಹುಡುಕಿದರೆ ಅದು ದೊರೆಯದು. ಶಕುನ ವಿಮಾನದ ರೆಕ್ಕೆಯ ವಿಸ್ತೀರ್ಣಕ್ಕೂ ಒಟ್ಟು ತೂಕಕ್ಕೂ ಏನು ಸಂಬಂಧ? ರೆಕ್ಕೆಯನ್ನು ಗಾಳಿಗೆ ಎಷ್ಟು ಅಂಶ ಎತ್ತಿ ನಿಲ್ಲಿಸಬೇಕು? ಗುರುತ್ವಕೇಂದ್ರವು ರೆಕ್ಕೆಯ ಅಗಲದ ಯಾವ ಪಾಲಿನಲ್ಲಿ ಬೀಳಬೇಕು? ಹರವನ್ನು ಇಮ್ಮಡಿಸಿದರೆ ಬಾಲವು ಎಷ್ಟಾಗಬೇಕು? ಗಣಕಯಂತ್ರವು ಈ ಸ್ಥಳಗಳನ್ನೆಲ್ಲ ಖಾಲಿ ಬಿಡದೆ ತಾನೇ ತುಂಬುತ್ತದೆ. ಪರದೆಯ ಮೇಲೆ ನಿಲ್ಲುವ ಹೊಳೆಯುವ ವಿಮಾನದಲ್ಲಿ ೧೯೨೩ರ ಎಲ್ಲಪ್ಪನವರ ಪಾಲು ಹೊರಗಣ ರೇಖೆ ಮಾತ್ರ; ರೆಕ್ಕೆಯನ್ನು ರೆಕ್ಕೆಯಾಗಿಸುವ ಒಳಗಣ ಅಂಕಿಗಳೆಲ್ಲವೂ ನಮ್ಮ ಕಾಲದವು. ಅಂಥ ಮಾದರಿಯು ಒಂದು ವೇಳೆ ಗಾಳಿಯಲ್ಲಿ ತೇಲಿದರೂ ಅದರಿಂದ ಸಿದ್ಧವಾಗುವುದು ತಂತ್ರಾಂಶ ಮಾಡಿದವರ ಜಾಣ್ಮೆಯೇ ಹೊರತು ಭರದ್ವಾಜನದಲ್ಲ.

ಶುಲ್ಬಸೂತ್ರವನ್ನು ಮೇಲೆ ಪ್ರಸ್ತಾಪಿಸಿದ ಕಾರಣವು ಈಗ ವಾಚಕರಿಗೆ ಹೊಳೆದಿರಬಹುದು. ನಮ್ಮ ಪ್ರಾಚೀನ ಶಾಸ್ತ್ರಕಾರರು ಆಕೃತಿಯನ್ನು ಹೇಳುವಾಗ ಅದನ್ನು ಪುನಃ ಕಟ್ಟುವ ಸೂತ್ರವನ್ನೂ ಹೇಳಿದರು. ಪ್ರತಿಮಾಶಿಲ್ಪದ ತಾಲಮಾನದಲ್ಲಿಯೂ ಮುಖದ ಉದ್ದದಿಂದಲೇ ಇಡೀ ಮೂರ್ತಿಯು ಬೆಳೆಯುತ್ತದೆ. ಇಂಥ ಪರಂಪರೆಯ ಗ್ರಂಥವೊಂದು ವಿಮಾನದ ರೆಕ್ಕೆಯನ್ನು ಹೇಳಿದ್ದರೆ ಅಳತೆಗಳನ್ನು ಬಿಡಿಬಿಡಿಯಾಗಿ ಬಿಡುತ್ತಿರಲಿಲ್ಲವೆಂದು ನಂಬಲು ಕಾರಣವಿದೆ. ಆದುದರಿಂದ ‘ವೈಮಾನಿಕ ಶಾಸ್ತ್ರ’ವನ್ನು ಸಂಶಯಿಸುವುದು ಪರಂಪರೆಗೆ ಮಾಡಿದ ಅಗೌರವವೆಂಬ ಮಾತು ನಿಲ್ಲದು. ಪರಂಪರೆಯ ಸ್ವಂತ ಅಳತೆಗೋಲಿನಿಂದ ಅಳೆದರೇ ಆ ಗ್ರಂಥವು ಅದಕ್ಕೆ ಹೊರಗಿನದೆಂದು ತೋರುತ್ತದೆ.

ಹಾಗೆಂದು ಗ್ರಂಥವನ್ನು ಬಿಸುಡಬೇಕಾಗಿಲ್ಲ. ರೈಟ್ ಸೋದರರ ಹಾರಾಟವು ನಡೆದ ೧೯೦೩ರ ಬಳಿಕದ ಎರಡು ದಶಕಗಳಲ್ಲಿ ಆನೇಕಲ್ಲಿನ ಪಂಡಿತರೊಬ್ಬರು ವಿಮಾನವನ್ನು ಹೇಗೆ ಕಲ್ಪಿಸಿಕೊಂಡರು, ಬೆಂಗಳೂರಿನ ನಕ್ಷೆಗಾರರೊಬ್ಬರು ಆ ಕಲ್ಪನೆಗೆ ಯಂತ್ರಚಿತ್ರದ ವೇಷವನ್ನು ಹೇಗೆ ತೊಡಿಸಿದರು ಎಂಬುದಕ್ಕೆ ಅದು ಅಮೂಲ್ಯವಾದ ಆಕರ. ಇಪ್ಪತ್ತನೆಯ ಶತಮಾನದ ಮೈಸೂರಿನ ಬೌದ್ಧಿಕ ಇತಿಹಾಸದಲ್ಲಿ ಅದಕ್ಕೆ ಸ್ಥಾನವಿದೆ. ಆ ಸ್ಥಾನದಲ್ಲಿಟ್ಟು ಓದಿದರೆ ಶಾಸ್ತ್ರಿಗಳಿಗೂ ನಕ್ಷೆಗಾರರಿಗೂ ನ್ಯಾಯ ದೊರಕುತ್ತದೆ.

೬

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಭಗ್ನವಾದ ಆಕರಗಳಿಂದ ಪುನಾರಚನೆ ಮಾಡುವುದು ಇತಿಹಾಸಕಾರನ ನಿತ್ಯಕರ್ಮವಾಗಿರುವಾಗ ವಿಮಾನಕ್ಕೆ ಮಾತ್ರ ಅದನ್ನು ನಿಷೇಧಿಸುವುದೇಕೆ ಎಂಬುದು ಮೊದಲನೆಯದು. ನಾವು ನಿಷೇಧಿಸಿಲ್ಲ, ಆವರಣವನ್ನು ಹಾಕಿರೆಂದು ಮಾತ್ರ ಕೇಳಿದ್ದೇವೆ. ಒಂದು ಶಾಸನದಲ್ಲಿ ನೂರು ಅಕ್ಷರಗಳಿದ್ದು ತೊಂಬತ್ತು ಆವರಣದೊಳಗಿದ್ದರೆ ಅದನ್ನು ಯಾವ ವಿದ್ವಾಂಸನೂ ಆಧಾರವಾಗಿ ಉದ್ಧರಿಸುವುದಿಲ್ಲ. ಅದೇ ನ್ಯಾಯವು ರೆಕ್ಕೆಗೂ ಸಲ್ಲಬೇಕು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಮಾದರಿ ವಿಮಾನವು ಮಕ್ಕಳ ವಿನೋದ. ಅದಕ್ಕೆ ಶಾಸನಸಂಪಾದನೆಯ ಶಿಸ್ತನ್ನು ಹೇರಿದರೆ ಉತ್ಸಾಹವೇ ಬತ್ತಿಹೋದೀತು ಎನ್ನಬಹುದು. ಆದರೆ ವಿಮಾನಶಾಸ್ತ್ರದ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ. ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಎಚ್.ಎಫ್.-೨೪ ‘ಮಾರುತ’ವನ್ನು ರೂಪಿಸುತ್ತಿದ್ದಾಗ ೧೯೫೯ರಲ್ಲಿ ಅದೇ ಗಾತ್ರದ, ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಕಟ್ಟಿ ಎಪ್ಪತ್ತೆಂಟು ಸಲ ಹಾರಿಸಿ ನೋಡಿದರು. ನಿಜವಾದ ಮಾರುತವು ಹಾರಿದುದು ೧೯೬೧ರ ಜೂನ್ ೧೭ರಂದು. ಆ ಮರದ ವಿಮಾನವೂ ಒಂದು ಮಾದರಿಯೇ. ತಮ್ಮ ಅಂಕಿಗಳಲ್ಲಿ ಯಾವುದು ಖಚಿತ, ಯಾವುದು ಸಂದಿಗ್ಧ ಎಂದು ಬಲ್ಲವರು ಸಂದಿಗ್ಧವನ್ನು ಪರೀಕ್ಷೆಗೊಡ್ಡಲು ಅದನ್ನು ಕಟ್ಟಿದರು. ಮಾದರಿಯ ಪ್ರಯೋಜನವೇ ಇದು. ಸಂದೇಹಗಳ ಪಟ್ಟಿಯಿಲ್ಲದವನಿಗೆ ಮಾದರಿಯಿಂದ ಕಲಿಯಬೇಕಾದುದೇನೂ ಇರುವುದಿಲ್ಲ. ಪಟ್ಟಿಯಿಟ್ಟುಕೊಂಡ ಹುಡುಗನಿಗಾದರೋ ಬಿದ್ದು ಮುರಿದ ರೆಕ್ಕೆಯೂ ಪಾಠ ಹೇಳುತ್ತದೆ: ಯಾವ ಅಂಕಿಯನ್ನು ಮೊದಲು ಸಂಶಯಿಸಬೇಕೆಂದು ಅವನಿಗೆ ಗೊತ್ತಿರುತ್ತದೆ.

ಆದುದರಿಂದ ನಮ್ಮ ಸೂಚನೆಯನ್ನು ಹೀಗೆ ಸಂಗ್ರಹಿಸಬಹುದು. ಹಳೆಯ ವಿಮಾನದ ಮಾದರಿಯನ್ನು ಗಣಕಯಂತ್ರದಲ್ಲಿ ರೂಪಿಸುವವರು ನಿಯತಾಂಕಗಳ ಪಟ್ಟಿಗೆ ಅಂಕಣವೊಂದನ್ನು ಸೇರಿಸಲಿ. ಮೂಲದಿಂದ ದೊರೆತ ಅಂಕಿಯನ್ನು ಹಾಗೆಯೇ ಬರೆದು ಅದರ ಆಕರವನ್ನು ಹೇಳಲಿ. ಗಣಿತದಿಂದ ಹುಟ್ಟಿದುದಕ್ಕೆ ದುಂಡಾವರಣ, ಊಹೆಗೆ ಚೌಕಾವರಣ, ಹಾರಿಸುವವನ ಅನುಕೂಲಕ್ಕೆ ನಕ್ಷತ್ರದ ಗುರುತು ಇರಲಿ. ಯಂತ್ರವು ತಾನಾಗಿ ತುಂಬಿದ ಅಂಕಿಯನ್ನು ಚೌಕಾವರಣದಲ್ಲಿಯೇ ಇಡಬೇಕು. ಅದು ಯಂತ್ರದ ಊಹೆ. ಪರದೆಯ ಚಿತ್ರವನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಚಿತ್ರದ ಜೊತೆಗೆ ಈ ಪಟ್ಟಿಯನ್ನೂ ತೋರಿಸಲಿ. ಪಟ್ಟಿಯಿಲ್ಲದ ಚಿತ್ರವನ್ನು ಇತಿಹಾಸದ ಆಧಾರವೆಂದು ಒಪ್ಪದಿರಲಿ.

ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮಾರುತವೇ ಮೊದಲಾದ ಹಳೆಯ ವಿಮಾನಗಳಿವೆ. ಅನುಮತಿ ಪಡೆದು ರೆಕ್ಕೆಯೊಂದನ್ನು ಅಳೆದು, ಅಳತೆಯ ದಿನಾಂಕವನ್ನೂ ವಿಧಾನವನ್ನೂ ಬರೆದಿಟ್ಟು, ಅದರಿಂದ ಮಾದರಿ ಕಟ್ಟುವ ವಿದ್ಯಾರ್ಥಿಯು ಏಕಕಾಲದಲ್ಲಿ ಎಂಜಿನಿಯರಿಂಗನ್ನೂ ಇತಿಹಾಸವನ್ನೂ ಕಲಿಯುತ್ತಾನೆ. ನಮ್ಮ ವಿಭಾಗವೂ ಎಂಜಿನಿಯರಿಂಗ್ ಕಾಲೇಜುಗಳೂ ಕೂಡಿ ಅಂಥ ಪಟ್ಟಿಗಳನ್ನು ಸಂಗ್ರಹಿಸತೊಡಗಿದರೆ ಕೆಲವೇ ವರ್ಷಗಳಲ್ಲಿ ಕರ್ನಾಟಕದ ವಿಮಾನನಿರ್ಮಾಣದ ಇತಿಹಾಸಕ್ಕೆ ಉಪಯುಕ್ತವಾದ ಆಕರವು ಸಿದ್ಧವಾದೀತು. ಮೇಲಿನ ನಾಲ್ಕು ಗುರುತುಗಳು ಸಾಲವೆಂದು ಕಂಡರೆ ತಜ್ಞರು ತಿದ್ದಬಹುದು. ಎಚ್.ಟಿ.-೨ರ ಪಟ್ಟಿಯಿಂದಲೇ ಮೊದಲುಮಾಡುವುದು ಉಚಿತವೆಂದು ನಮ್ಮ ಅಭಿಪ್ರಾಯ.